ಕೊಕ್ಕೆ ಸಾಹೇಬರ ಶೆಡ್ಡು

ಪಟ್ಟಣದ ಕಟ್ಟಡ ಪರವಾನಗಿ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕುರ್ಚಿ ಸವೆಸಿದ ಸಾಹೇಬರು ಯಾರಿಂದಲೂ ಒಂದು ಕಾಸು ಲಂಚ ಮುಟ್ಟಿದವರಲ್ಲ. ಇದನ್ನು ಅವರನ್ನು ಕಂಡರಾಗದವರೂ ಒಪ್ಪುತ್ತಿದ್ದರು. ಅವರು ತಿಂದದ್ದು ಜನರ ಕಾಲವನ್ನು. ಅದನ್ನು ಮಾತ್ರ ಹೊಟ್ಟೆ ತುಂಬ ತಿಂದರು. ಯಾರಾದರೂ ನಕ್ಷೆ ತಂದು ಮುಂದಿಟ್ಟರೆ ಕನ್ನಡಕ ಏರಿಸಿ, ಕಿವಿಯ ಸಂದಿಯಿಂದ ಕೆಂಪು ಪೆನ್ಸಿಲ್ ಇಳಿಸಿ, ಹಾಳೆಯ ಎಡಮೂಲೆಯಿಂದ ಬಲಮೂಲೆಯವರೆಗೆ ಇರುವೆ ಹರಿದಂತೆ ಓದಿ, ಏನಾದರೊಂದು ಕೊರತೆ ಹುಡುಕಿಯೇ ತೆಗೆಯುತ್ತಿದ್ದರು. ಕಿಟಕಿಯ ಅಳತೆ ಸರಿಯಿದ್ದರೆ ಬಾಗಿಲಿನದು ತಪ್ಪು. ಎರಡೂ ಸರಿಯಿದ್ದರೆ ಉತ್ತರ ದಿಕ್ಕು ತೋರಿಸುವ ಬಾಣ ಸಣ್ಣದಾಯಿತು. ಜನ ಅವರಿಗೆ 'ಕೊಕ್ಕೆ ಸಾಹೇಬರು' ಎಂದು ಹೆಸರಿಟ್ಟಿದ್ದರು. ಆ ಹೆಸರು ಒಮ್ಮೆ ಕಿವಿಗೆ ಬಿದ್ದಾಗ ಸಾಹೇಬರು, ತಮ್ಮ ಕುರ್ಚಿಯ ಹಿಂದಿನ ಗೋಡೆಗೆ ಹೊಡೆಸಿದ್ದ ಛತ್ರಿ ಕೊಕ್ಕೆಯಿಂದ ಅದು ಬಂದಿರಬೇಕೆಂದು ತಿಳಿದು ಸುಮ್ಮನಾಗಿದ್ದರು.

ಇಂಥ ಸಾಹೇಬರೊಳಗೆ ಒಬ್ಬ ಬಡಗಿ ಅಡಗಿ ಕೂತಿದ್ದಾನೆ ಎಂಬುದು ಹೆಂಡತಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಕಟ್ಟಡ ತಪಾಸಣೆಗೆ ಹೋದಾಗ ಎಲ್ಲಾದರೂ ಮರ ಹೆರೆಯುತ್ತಿದ್ದರೆ ಸಾಹೇಬರು ಅಲ್ಲೇ ಒಂದು ಗಳಿಗೆ ನಿಂತುಬಿಡುತ್ತಿದ್ದರು. ಸುರುಳಿ ಸುರುಳಿಯಾಗಿ ಉದುರುವ ಹೆರೆಯನ್ನು ಯಾರೂ ನೋಡದಾಗ ಎತ್ತಿ ಮೂಸುತ್ತಿದ್ದರು. ನಿವೃತ್ತಿಯ ಮೇಲೆ ಪಟ್ಟಣ ಬಿಟ್ಟು, ಹೊಲಗಳ ನಡುವೆ ಹಳೆಯ ಮನೆಯಿದ್ದ ಒಂದು ಉದ್ದನೆಯ ಜಮೀನು ಕೊಂಡದ್ದೂ ಅದಕ್ಕೇ. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಗಿರಾಕಿಗಳಿಗೆ ಪರದೆ ಹೊಲಿದು ಕೊಡುತ್ತಿದ್ದಳು. ಸಾಹೇಬರು ಉಳಿ, ಗರಗಸ, ಉಜ್ಜುಗೊರಡು ತಂದು ಮಂಚದ ಕೆಳಗೆ ಪೇರಿಸಿದರು. ಕಸ ಗುಡಿಸುವಾಗ ಅವು ಹೆಂಡತಿಯ ಕಾಲಿಗೆ ತೊಡರಿದವು.

"ರೀ, ಒಂದೋ ಇವು ಇರ್ಬೇಕು, ಇಲ್ಲ ನಾನಿರ್ಬೇಕು."

"ಒಂದು ಶೆಡ್ಡು ಹಾಕಿಬಿಡ್ತೀನಿ ಇರೇ. ಒಂದು ತಿಂಗಳ ಕೆಲಸ."

ಹೀಗೆ ಶೆಡ್ಡಿನ ಮಾತು ಹುಟ್ಟಿತು. ಶೆಡ್ಡು ಕಟ್ಟುವುದರಲ್ಲಿ ಕೈ ಪಳಗಿದ ಮೇಸ್ತ್ರಿಯೊಬ್ಬ ಪಕ್ಕದ ಹಳ್ಳಿಯಲ್ಲಿದ್ದ. ಐವತ್ತು ದಾಟಿದ ಗಟ್ಟಿ ಆಳು. ಮಾತನ್ನು ಮೊಳೆಯಂತೆ ಎಣಿಸಿ ಬಳಸುವವನು. ಬಂದವನು ಜಮೀನನ್ನು ಉದ್ದಗಲ ನಡೆದು ನೋಡಿದ.

"ಇಟ್ಟಿಗೆ ಗೋಡೆ ಬೇಡ ಸಾಹೇಬ್ರೇ, ಅಡಿಪಾಯಾನೂ ಬೇಡ. ನಾಲ್ಕಡಿ ಗುಂಡಿ ತೋಡಿ, ಕೆಳಗೆ ಜಲ್ಲಿ ಹಾಕಿ ಕಂಬ ನೆಡೋದು. ಕಂಬದ ಮೇಲೆ ತೊಲೆ, ತೊಲೆ ಮೇಲೆ ತಗಡು, ಸುತ್ತ ಗೋಡೆಗೂ ತಗಡೇ. ಕಂಬ ನೆಟ್ಟಗಿದ್ರೆ ಮಿಕ್ಕಿದ್ದೆಲ್ಲಾ ತಾನಾಗೇ ನೆಟ್ಟಗಿರುತ್ತೆ."

ಹನ್ನೆರಡು ಮೀಟರ್ ಅಗಲ, ಹದಿನೈದು ಉದ್ದ ಎಂದು ಸಾಹೇಬರು ಅಪ್ಪಣೆ ಕೊಟ್ಟರು. ಮೇಸ್ತ್ರಿ ನಾಲ್ಕು ಮೂಲೆಗೆ ಗೂಟ ಬಡಿದು ದಾರ ಕಟ್ಟಿದ. ಹೋಗುವ ಮುಂಚೆ ಕೈ ಒರೆಸಿಕೊಳ್ಳುತ್ತಾ ಕೇಳಿದ:

"ಪರವಾನಗಿ ಆಯ್ತಾ?"

"ಅದಕ್ಕೇನ್ ಬಿಡಿ. ಆ ಕಚೇರಿ ಅಂದ್ರೆ ನನ್ನ ಮನೆ ಇದ್ದ ಹಾಗೆ."

"ಹಾಗಾದ್ರೆ ಸರಿ," ಎಂದ ಮೇಸ್ತ್ರಿ, ಮೀಸೆಯಡಿಯಲ್ಲಿ ಏನನ್ನೋ ನುಂಗಿಕೊಂಡು.

ಕಚೇರಿಯಲ್ಲಿ ಈಗ ಆ ಕುರ್ಚಿ ತುಂಬಿದ್ದವಳು ಸಾಹೇಬರೇ ಹದಿನೈದು ವರ್ಷ ತಿದ್ದಿ ತೀಡಿದ ಶಿಷ್ಯೆ. ಅವರನ್ನು ಕಂಡವಳೇ ಎದ್ದು ನಿಂತಳು. ಕೂರಿಸಿದಳು, ನೀರು ಕೊಟ್ಟಳು, ಅಮ್ಮಾವ್ರು ಹೇಗಿದ್ದಾರೆ ಎಂದು ಕೇಳಿದಳು. ಆಮೇಲೆ ನಕ್ಷೆ ಬಿಡಿಸಿ ಕನ್ನಡಕ ಏರಿಸಿದಳು. ಕೆಂಪು ಪೆನ್ಸಿಲ್ ಕಿವಿಯ ಸಂದಿಯಿಂದ ಇಳಿಯಿತು. ಸಾಹೇಬರಿಗೆ ಕನ್ನಡಿ ನೋಡಿದಂತಾಗಿ ಒಂದು ಕ್ಷಣ ಹೆಮ್ಮೆಯೇ ಆಯಿತು.

"ಸಾರ್, ಅಕ್ಕಪಕ್ಕದ ಗಡಿಯಿಂದ ಆರಾರು ಮೀಟರ್ ಬಿಟ್ಟಿದ್ದೀರಿ."

"ಧಾರಾಳವಾಗೇ ಬಿಟ್ಟಿದ್ದೀನಲ್ಲಮ್ಮ."

"ಹತ್ತು ಬಿಡ್ಬೇಕಲ್ವಾ ಸಾರ್. ಎರಡೂ ಕಡೆ."

ಸಾಹೇಬರು ಕೆಮ್ಮಿದರು. ಆ ನಿಯಮ ಅವರಿಗೆ ಗೊತ್ತಿಲ್ಲದ್ದೇನಲ್ಲ, ಬರೆದವರೇ ಅವರು. ಆದರೆ ನಿಯಮ ಎನ್ನುವುದು ಊರಿಗೆ ಇರುವಂಥದ್ದು; ತಮ್ಮ ಮನೆ ಬಾಗಿಲಿಗೂ ಅದು ಬರುತ್ತದೆಂದು ಅವರಿಗೆ ಹೊಳೆದಿರಲಿಲ್ಲ.

"ನನ್ನ ಜಮೀನು ಇರೋದೇ ಇಪ್ಪತ್ತನಾಲ್ಕು ಮೀಟರ್ ಅಗಲ. ಎರಡೂ ಕಡೆ ಹತ್ತು ಬಿಟ್ರೆ ಉಳಿಯೋದು ನಾಲ್ಕು. ನಾಲ್ಕು ಮೀಟರಲ್ಲಿ ಏನು ಕಟ್ಲಿ, ರೈಲು ಡಬ್ಬಿನಾ?"

"ಸಾರ್, ನೀವೇ ಹೇಳಿಕೊಟ್ಟಿದ್ದು. ಗಾಳಿಗೆ ಮೂರು, ಬೆಳಕಿಗೆ ಮೂರು, ಬೆಂಕಿಗೆ ನಾಲ್ಕು. ಒಟ್ಟು ಹತ್ತು," ಎಂದಳು ಶಿಷ್ಯೆ, ಮಗ್ಗಿ ಒಪ್ಪಿಸಿದಂತೆ. "ಇವತ್ತಿಗೂ ಬಂದವರಿಗೆಲ್ಲ ಅದನ್ನೇ ಹೇಳ್ತೀನಿ. ಇದನ್ನ ಯೋಚಿಸಿದ ತಲೆ ಎಂಥದ್ದು ಅಂತ ಜನ ಆಶ್ಚರ್ಯ ಪಡ್ತಾರೆ ಸಾರ್."

ಆ ತಲೆಯಲ್ಲಿ ಈಗ ಮಿಂಚು ಹೊಡೆದಂತೆ ಒಂದು ಹಳೆಯ ಮಧ್ಯಾಹ್ನ ನೆನಪಾಯಿತು. ಇಪ್ಪತ್ತೆರಡು ವರ್ಷದ ಹಿಂದೆ ಸಾಹೇಬರು ಯೋಚಿಸಿದ್ದು ಹತ್ತು ಅಡಿ. ಸುತ್ತೋಲೆಯಲ್ಲಿ ಬಂದದ್ದು ಹತ್ತು ಮೀಟರ್. ಟೈಪಿಸ್ಟು ಎಡವಿರಬೇಕು, ಸಾಹೇಬರು ಊಟದ ಆತುರದಲ್ಲಿ ಓದದೆ ಸಹಿ ಹಾಕಿದ್ದರು. ವಾರದ ಮೇಲೆ ಫಲಕಕ್ಕೆ ಅಂಟಿಸಿದ ಪ್ರತಿಯನ್ನು ನೋಡಿದಾಗಲೇ ಅದು ಕಣ್ಣಿಗೆ ಬಿದ್ದಿತ್ತು. ತಿದ್ದುಪಡಿ ಹೊರಡಿಸಿದರೆ ತಪ್ಪು ಒಪ್ಪಿಕೊಂಡಂತೆ. ತಪ್ಪು ಒಪ್ಪಿಕೊಂಡರೆ ನಾಳೆ ಯಾವ ಮುಖ ಇಟ್ಟುಕೊಂಡು ಇನ್ನೊಬ್ಬರ ತಪ್ಪು ಹುಡುಕುವುದು? ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡರು. ಯಾಕೆ ಹತ್ತು ಮೀಟರ್ ಎಂದು ಮೊದಲು ಯಾರೋ ಕೇಳಿದ ದಿನ, ಗಾಳಿ, ಬೆಳಕು, ಬೆಂಕಿ ಎಂಬ ಲೆಕ್ಕ ಬಾಯಿಗೆ ಬಂತು. ಹೇಳಿ ಹೇಳಿ ಅದು ಶಾಸ್ತ್ರವೇ ಆಗಿಹೋಯಿತು.

ಸಾಹೇಬರು ನಕ್ಷೆ ಮಡಚಿಕೊಂಡು, ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಮನೆಗೆ ಬಂದರು.

ಭಾನುವಾರ ಅಕ್ಕನನ್ನು ನೋಡಲು ಬಂದ ಭಾವಮೈದುನ ಈ ಕಷ್ಟ ಕೇಳಿ ತೊಡೆ ತಟ್ಟಿದ. ಅವನು ಮಾಡದ ವ್ಯಾಪಾರವಿಲ್ಲ, ಉಳಿಸಿಕೊಂಡ ವ್ಯಾಪಾರವೂ ಇಲ್ಲ.

"ಭಾವ, ಕುರಿ ದನ ಕಟ್ಟೋ ಕೊಟ್ಟಿಗೆಗೆ ಗಡಿಯಿಂದ ಮೂರೇ ಅಡಿ ಸಾಕಲ್ಲ? ಅದೂ ನಿಮ್ಮದೇ ನಿಯಮ. ಶೆಡ್ಡು ಅನ್ನಬೇಡಿ, ಕೊಟ್ಟಿಗೆ ಅನ್ನಿ!"

"ಪ್ರಾಣಿ ಎಲ್ಲಿದೆಯೋ?"

"ನಿಮ್ಮ ಪಕ್ಕದ ಹೊಲದವನ ಟಗರು ತರೋಣ. ತಪಾಸಣೆ ದಿನ ಕಟ್ಟಿ ಹಾಕಿದ್ರಾಯ್ತು."

ಮೂವತ್ತೆರಡು ವರ್ಷ ಇಂಥ ಉಪಾಯಗಳನ್ನು ಮೂಸಿಯೇ ಹಿಡಿದಿದ್ದ ಸಾಹೇಬರಿಗೆ ಈ ಉಪಾಯ ತಮ್ಮದೇ ಮನೆಯ ಅಂಗಳದಲ್ಲಿ ಹುಟ್ಟಿದ್ದರಿಂದ ಬಹಳ ಬುದ್ಧಿವಂತಿಕೆಯದಾಗಿ ಕಂಡಿತು. ಹಳೆಯ ನಕ್ಷೆಯ ತಲೆಬರಹದಲ್ಲಿ 'ಕಾರ್ಯಾಗಾರ' ಎಂಬುದನ್ನು ಅಳಿಸಿ 'ಕೊಟ್ಟಿಗೆ' ಎಂದು ಬರೆದು ಹೊಸ ಅರ್ಜಿ ಕೊಟ್ಟರು. ಶಿಷ್ಯೆ ಬುಧವಾರ ಬೆಳಗ್ಗೆ ಅಳತೆಪಟ್ಟಿ ಹಿಡಿದು ಜಮೀನಿಗೇ ಬಂದಳು. ಟಗರು ಗೂಟಕ್ಕೆ ಕಟ್ಟಿಸಿಕೊಂಡು, ಮೇಸ್ತ್ರಿ ಕಟ್ಟಿದ ದಾರವನ್ನು ಅಗಿಯುತ್ತಾ ನಿಂತಿತ್ತು; ಅದನ್ನು ಎಳೆದು ತಂದ ಭಾವಮೈದುನ ಪಕ್ಕದಲ್ಲೇ ಇದ್ದ.

"ಪ್ರಾಣಿ ಇದೆ," ಎಂದು ಶಿಷ್ಯೆ ಬರೆದುಕೊಂಡಳು. ನಕ್ಷೆ ಬಿಡಿಸಿದಳು. ಬಹಳ ಹೊತ್ತು ನೋಡಿದಳು. "ಸಾರ್, ಒಂದು ಸಂಶಯ."

"ಕೇಳಮ್ಮ."

"ಟಗರಿಗೆ ಎಂಟು ವಿದ್ಯುತ್ ಪ್ಲಗ್ಗು ಯಾಕೆ ಸಾರ್?"

ಸಾಹೇಬರು ಭಾವಮೈದುನನ ಮುಖ ನೋಡಿದರು. ಭಾವಮೈದುನ ಟಗರಿನ ಮುಖ ನೋಡಿದ.

"ಮತ್ತೆ ಇಲ್ಲಿ ನಾಲ್ಕು ಮೀಟರ್ ಉದ್ದದ ಕೆಲಸದ ಮೇಜು ಇದೆ. ಗೋಡೆ ಮೇಲೆ ಗರಗಸ ನೇತು ಹಾಕೋ ಜಾಗ ಅಂತ ಬರೆದಿದೆ." ಅವಳ ದನಿಯಲ್ಲಿ ವ್ಯಂಗ್ಯದ ಸುಳಿವೂ ಇರಲಿಲ್ಲ. "ನೀವು ಬರೆದಿದ್ದೀರಿ ಅಂದ್ಮೇಲೆ ಕಾರಣ ಇದ್ದೇ ಇರುತ್ತೆ. ಗೊತ್ತಾದ್ರೆ ನಾನೂ ಕಲಿತೀನಿ ಅಂತ ಕೇಳ್ದೆ."

ಒಳಗೆ ಹೊಲಿಗೆ ಯಂತ್ರದ ಸದ್ದು ಥಟ್ಟನೆ ನಿಂತಿತು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿರುವುದು ಸಾಹೇಬರಿಗೆ ನೋಡದೆಯೇ ತಿಳಿಯಿತು. ಅಷ್ಟರಲ್ಲಿ ಟಗರು ದಾರವನ್ನು ಪೂರ್ತಿ ಕಡಿದು, ಗೂಟ ಕಿತ್ತುಕೊಂಡು ತನ್ನ ಹೊಲದ ಕಡೆಗೆ ನಡೆಯಿತು. ಬೇಲಿಯಾಚೆಯಿಂದ ಅದರ ಯಜಮಾನ "ಇಷ್ಟು ಬೇಗ ಮುಗೀತಾ ಸಾರ್?" ಎಂದು ಕೂಗಿ ಕೇಳಿದ. ಶಿಷ್ಯೆ ತಲೆ ತಗ್ಗಿಸಿ, "ಪ್ರಾಣಿ ಇಲ್ಲ," ಎಂದು ತಿದ್ದಿ ಬರೆದುಕೊಂಡಳು.

ಮರುದಿನ ಸಾಹೇಬರು ಮೇಸ್ತ್ರಿಗೆ ಹೇಳಿ ಕಳಿಸಿದರು. ಅವನು ಬಂದು, ಉಳಿದ ಮೂರು ಗೂಟಗಳನ್ನು ಒಂದೊಂದಾಗಿ ಅಲ್ಲಾಡಿಸಿ ಕೀಳತೊಡಗಿದ.

"ಹತ್ತು ಮೀಟರ್ ತಾನೇ?" ಎಂದ, ಮೊದಲೇ ಗೊತ್ತಿದ್ದವನಂತೆ.

"ನಿಮಗೆ ಹೇಗೆ ಗೊತ್ತು?"

"ನಾನೂ ಬಂದಿದ್ದೆನಲ್ಲ ನಿಮ್ಮ ಹತ್ರ. ಹನ್ನೊಂದು ವರ್ಷ ಆಯ್ತು. ಮರಗೆಲಸಕ್ಕೆ ಒಂದು ಶೆಡ್ಡು ಹಾಕ್ಬೇಕಿತ್ತು. ನನ್ನ ಜಾಗ ಇಪ್ಪತ್ತೊಂದು ಮೀಟರ್ ಅಗಲ ಸಾಹೇಬ್ರೇ. ಎರಡೂ ಕಡೆ ಹತ್ತು ಬಿಟ್ರೆ ಒಂದು. ಒಂದು ಮೀಟರಲ್ಲಿ ನಾನು ನಿಂತ್ಕೋಬಹುದು, ಗರಗಸ ಎಳೆಯೋಕಾಗಲ್ಲ."

"ಆಮೇಲೆ?"

"ಆಮೇಲೇನು? ಏಳು ಸಲ ಬಂದೆ. ನೀವು ಗಾಳಿ, ಬೆಳಕು, ಬೆಂಕಿ ಅಂದ್ರಿ. ದೊಡ್ಡೋರು ಹೇಳಿದ್ಮೇಲೆ ಇರಬಹುದು ಅಂದ್ಕೊಂಡೆ. ರಸ್ತೆ ಪಕ್ಕ ತಾಡಪಾಲು ಕಟ್ಕೊಂಡು ಕೆಲಸ ಮಾಡ್ತೀನಿ. ಮಳೆ ಬಂದ್ರೆ ಹಲಗೆ ನೆನೆದು ಸೊಟ್ಟಗಾಗುತ್ತೆ, ಅಷ್ಟೇ." ಕೊನೆಯ ಗೂಟದ ಮಣ್ಣು ಕೊಡವಿದ. "ನಮ್ಮ ಕಡೆ ಜಾಗಗಳೆಲ್ಲ ಹೀಗೇ ಸಾಹೇಬ್ರೇ, ಉದ್ದ ಜಾಸ್ತಿ, ಅಗಲ ಕಡಿಮೆ. ಪರದೆ ಬಟ್ಟೆ ಥರ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಾಹೇಬರು ಉತ್ತರ ಕೊಡಬಹುದಿತ್ತು. ಸಿಟ್ಟಿನವರಿಗೆ ಕೊಡುವ ಉತ್ತರಗಳು ಅವರ ಬಳಿ ಬೇಕಾದಷ್ಟಿದ್ದವು. ಏಳು ಸಲ ಬಂದ ಈ ಮುಖವನ್ನು ನೆನಪಿಸಿಕೊಳ್ಳಲು ಎಷ್ಟು ತಿಣುಕಿದರೂ ಆಗಲಿಲ್ಲ.

ಆ ರಾತ್ರಿ ಹೆಂಡತಿ ಪರದೆಯ ಅಂಚು ಮಡಚುತ್ತಾ ಕೂತಿದ್ದಾಗ ಎದುರು ಬಂದು ಕೂತು ಎಲ್ಲವನ್ನೂ ಹೇಳಿದರು. ಅಡಿ ಮೀಟರಾದದ್ದು, ತಾವು ಬಾಯಿ ಮುಚ್ಚಿಕೊಂಡದ್ದು. ಅವಳು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಂತಿತು.

"ಇಪ್ಪತ್ತೆರಡು ವರ್ಷ ಎಷ್ಟು ಜನ ಬಂದು ಹೋಗಿರಬಹುದು ರೀ?"

"ಎಣಿಸಿಲ್ಲ."

"ಎಣಿಸೋದು ಬೇಡ. ಕಾಗದ ಬರೀರಿ."

ಸಾಹೇಬರು ಬರೆದರು. 'ಸದರಿ ಸುತ್ತೋಲೆಯಲ್ಲಿ ಕಣ್ತಪ್ಪಿನಿಂದ ದೋಷವೊಂದು ನುಸುಳಿರುವುದು ಕಂಡುಬಂದಿರುತ್ತದೆ.' ಹೆಂಡತಿ ಓದಿದಳು.

"ಯಾರ ಕಣ್ಣು ತಪ್ಪಿದ್ದು?"

"ಕಚೇರಿ ಭಾಷೆ ಹಾಗೇ ಕಣೇ."

"ದೋಷ ತಾನಾಗೇ ನುಸುಳೋಕೆ ಅದೇನು ಹೆಗ್ಗಣವಾ? ನೆಟ್ಟಗೆ ಬರೀರಿ."

ಎರಡನೆಯ ಪ್ರತಿಯಲ್ಲಿ ಟೈಪಿಸ್ಟು ಬಂದ. "ಆ ಬಡಪಾಯಿ ಮೇಲೆ ಯಾಕೆ ಹಾಕ್ತೀರಿ, ಸಹಿ ಯಾರದು?" ಎಂದು ಅದನ್ನೂ ವಾಪಸ್ಸು ಕೊಟ್ಟಳು. ಮೂವತ್ತೆರಡು ವರ್ಷದಲ್ಲಿ ಸಾಹೇಬರ ಬರಹಕ್ಕೆ ಯಾರೂ ಕೊಕ್ಕೆ ಹಾಕಿರಲಿಲ್ಲ. ಈಗ ಹೆಂಡತಿ ಹೊಲಿಗೆ ಬಿಚ್ಚುವಂತೆ ಒಂದೊಂದು ವಾಕ್ಯವನ್ನೂ ಬಿಚ್ಚಿದಳು. ಆರನೆಯ ಪ್ರತಿಯಲ್ಲಿ ಎರಡೇ ಸಾಲು ಉಳಿಯಿತು: 'ಹತ್ತು ಅಡಿ ಎಂದಿರಬೇಕಿತ್ತು. ತಪ್ಪು ನನ್ನದು, ಗೊತ್ತಿದ್ದೂ ತಿದ್ದಲಿಲ್ಲ.'

ಕಚೇರಿಯಲ್ಲಿ ಶಿಷ್ಯೆ ಆ ಎರಡು ಸಾಲನ್ನು ಮೂರು ಸಲ ಓದಿದಳು. ಅವಳ ಮುಖ ಬಿಳುಚಿಕೊಂಡಿತು.

"ಸಾರ್, ಮೈಗೆ ಹುಷಾರಿಲ್ವಾ?"

"ಹುಷಾರಾಗೇ ಇದ್ದೀನಿ. ಅದು ನಿಜ."

"ಹೇಗೆ ನಂಬ್ಲಿ? ನಿಮ್ಮ ಕೈಯಲ್ಲಿ ಅಂಥ ತಪ್ಪಾಗೋದು ಸಾಧ್ಯವೇ ಇಲ್ಲ." ಅವಳ ಕಣ್ಣು ತೇವವಾಯಿತು. "ನಿಮ್ಮ ಶೆಡ್ಡಿನ ಅರ್ಜಿ ಎರಡು ಸಲ ತಿರಸ್ಕಾರವಾಗಿದೆ. ಈಗ ನಿಯಮಾನೇ ತಪ್ಪು ಅಂತೀರಿ. ಸ್ವಂತ ಲಾಭಕ್ಕೆ ಬರೆದಿದ್ದು ಅಂತ ಯಾರಾದ್ರೂ ಅಂದ್ರೆ ನನಗೆ ತಡ್ಕೊಳೋಕಾಗಲ್ಲ ಸಾರ್. ಅರ್ಜಿದಾರ ತನಗೆ ಲಾಭ ಇರೋ ವಿಷಯದಲ್ಲಿ ಸಾಕ್ಷಿ ಹೇಳಬಾರದು ಅಂತ ನೀವೇ..."

"ನಾನೇ ಹೇಳಿಕೊಟ್ಟಿದ್ದೆ," ಎಂದು ಸಾಹೇಬರು ವಾಕ್ಯ ಮುಗಿಸಿದರು.

ಸಾಹೇಬರು ಕಾಗದ ಮಡಚಿಕೊಂಡು ಮೆಟ್ಟಿಲಿಳಿದರು. ಜೀವಮಾನವಿಡೀ ತಪ್ಪೇ ಮಾಡದವನೆಂದು ಮೆರೆದದ್ದಕ್ಕೆ ಈಗ ಒಂದು ತಪ್ಪು ಮಾಡಿದ್ದೇನೆಂದರೆ ನಂಬುವವರಿಲ್ಲ. ಮಾಡಿದ್ದುಣ್ಣೋ ಮಹರಾಯ! ಹೊರಗೆ ಬೆಂಚಿನ ಮೇಲೆ ನಕ್ಷೆಯ ಸುರುಳಿ ಹಿಡಿದ ಜನ ಸಾಲಾಗಿ ಕೂತಿದ್ದರು. ಸಾಹೇಬರು ಅವರನ್ನು ದಾಟಿ ಹೋದವರು ಗೇಟಿನ ಬಳಿ ನಿಂತರು, ಮತ್ತೆ ಮೆಟ್ಟಿಲು ಹತ್ತಿ ಬಂದರು.

"ನಾಲ್ಕು ಮೀಟರ್ ಅಗಲದ್ದೇ ಕಟ್ತೀನಿ," ಎಂದರು ಶಿಷ್ಯೆಗೆ. "ಈಗಿರೋ ನಿಯಮದ ಪ್ರಕಾರವೇ. ಅದು ಎದ್ದು ನಿಂತ ಮೇಲೆ ನನಗೆ ಯಾವ ಲಾಭಾನೂ ಇರಲ್ಲ. ಆಗ ನನ್ನ ಕಾಗದ ತಗೋತೀಯಲ್ಲ?"

ಶಿಷ್ಯೆ ಪೆನ್ಸಿಲ್ ಕೆಳಗಿಟ್ಟಳು. "ತಗೋತೀನಿ ಸಾರ್. ಅಷ್ಟರಲ್ಲಿ ಹಳೇ ಕಡತ ಹುಡುಕಿಸ್ತೀನಿ."

ನಾಲ್ಕು ಮೀಟರ್ ಅಗಲ, ಹದಿನೆಂಟು ಮೀಟರ್ ಉದ್ದ. ಪರವಾನಗಿ ಮೂರನೆಯ ದಿನವೇ ಬಂತು. ಮೇಸ್ತ್ರಿ ಹೊಸ ಅಳತೆ ಕೇಳಿ, "ನಿಮ್ಮ ಇಷ್ಟ," ಎಂದ. ಇಬ್ಬರು ಆಳುಗಳೊಂದಿಗೆ ಗುಂಡಿ ತೋಡಲು ನಿಂತ. ಸಾಹೇಬರೂ ಹಾರೆ ಹಿಡಿದರು. ಅರ್ಧ ಗಂಟೆಯಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದವು. ಎರಡನೆಯ ದಿನ ಆಳುಗಳು ಅವರ ಕೈಯಿಂದ ಹಾರೆ ಬಿಡಿಸಿ ರಸಮಟ್ಟ ಕೊಟ್ಟರು. ಕಂಬಕ್ಕೆ ಅದನ್ನು ಒತ್ತಿ ಹಿಡಿದು, ಅದರೊಳಗಿನ ಗಾಳಿಗುಳ್ಳೆ ಎರಡು ಗೆರೆಯ ನಡುವೆ ನಿಲ್ಲುವವರೆಗೆ "ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ" ಎನ್ನುವುದು ಅವರ ಕೆಲಸ. ಆ ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಒಂದು ಕಂಬಕ್ಕೆ ಮುಕ್ಕಾಲು ಗಂಟೆ ತೆಗೆದುಕೊಂಡರು. ಆಳುಗಳು ಕಂಬ ತಬ್ಬಿಕೊಂಡೇ ತೂಕಡಿಸಿದರು.

"ಸಾಹೇಬ್ರೇ, ಇದು ಕಂಬ, ಕಡತ ಅಲ್ಲ," ಎಂದ ಮೇಸ್ತ್ರಿ. "ಸಾಕು ಬಿಡಿ, ಮಣ್ಣು ತುಂಬ್ತೀವಿ."

ದಾರಿಹೋಕರು ನಿಂತು ನೋಡಿ ಇದೇನೆಂದು ಕೇಳತೊಡಗಿದರು. ಕೋಳಿ ಸಾಕುತ್ತಾರೆ ಎಂದರು ಕೆಲವರು. ನಿವೃತ್ತಿಯಾದ ಮೇಲೂ ಕಚೇರಿಯ ಪಡಸಾಲೆ ಮರೆಯಲಾರದೆ ಅದನ್ನೇ ಕಟ್ಟಿಸಿಕೊಳ್ಳುತ್ತಿದ್ದಾರೆ ಎಂದ ಒಬ್ಬ ಪುಣ್ಯಾತ್ಮ. ತೊಲೆ ಏರಿತು, ತಗಡು ಕೂತಿತು. ಕೊನೆಯ ತಗಡಿಗೆ ಮೊಳೆ ಬೀಳುವ ದಿನ ಶಿಷ್ಯೆ ಧೂಳು ಹಿಡಿದ ಕಡತವೊಂದನ್ನು ಎದೆಗವಚಿಕೊಂಡು ಬಂದಳು.

"ಮೂಲ ಕರಡು ಸಿಕ್ತು ಸಾರ್."

ಸಾಹೇಬರು ಆತುರದಿಂದ ಬಿಡಿಸಿದರು. ಹಳದಿಗಟ್ಟಿದ ಹಾಳೆ, ತಮ್ಮದೇ ದುಂಡಗಿನ ಅಕ್ಷರ. ಅಂಚಿನಲ್ಲಿ ತಾವೇ ಗೀಚಿದ ಪುಟ್ಟ ಚಿತ್ರ: ಒಂದು ಶೆಡ್ಡು, ಒಂದು ಬೇಲಿ, ನಡುವೆ '10 ಅಡಿ'. ಅದರ ಪಕ್ಕದ ಸಾಲಿನಲ್ಲಿ ಅದೇ ಅಕ್ಷರದಲ್ಲಿ, ಅದೇ ಶಾಯಿಯಲ್ಲಿ, ಸ್ಪಷ್ಟವಾಗಿ 'ಹತ್ತು ಮೀಟರ್'.

ಟೈಪಿಸ್ಟು ಎಡವಿರಲೇ ಇಲ್ಲ. ಇಪ್ಪತ್ತೆರಡು ವರ್ಷ ಮನಸ್ಸಿನಲ್ಲೇ ಆ ಮನುಷ್ಯನನ್ನು ಬೈದದ್ದು ನೆನೆದು ಸಾಹೇಬರ ಕಿವಿ ಬಿಸಿಯಾಯಿತು.

"ಚಿತ್ರ ಇರೋದ್ರಿಂದ ಸಾಕ್ಷಿ ಆಯ್ತು ಸಾರ್," ಎಂದಳು ಶಿಷ್ಯೆ ಮೆಲ್ಲನೆ. ಆಮೇಲೆ, ಬಹಳ ದಿನದಿಂದ ಕೇಳಬೇಕೆಂದಿದ್ದವಳಂತೆ, "ಹಾಗಾದ್ರೆ ಗಾಳಿಗೆ ಮೂರು, ಬೆಳಕಿಗೆ ಮೂರು?"

"ಅದು ಬಾಯಿಗೆ ಬಂದದ್ದು."

ಅವಳು ಉದ್ದನೆಯ ಶೆಡ್ಡನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ನಾನು ಹದಿನೈದು ವರ್ಷ ಅದನ್ನ ಹೇಳ್ತಾ ಬಂದೆನಲ್ಲ ಸಾರ್," ಎಂದಳು. ಹೆಂಡತಿ ಬಂದು ಅವಳನ್ನು ಒಳಗೆ ಕರೆದೊಯ್ದು ಊಟಕ್ಕೆ ಕೂರಿಸಿದಳು.

ತಿದ್ದುಪಡಿ ಹೊರಡಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಶೆಡ್ಡಿನ ಬೆಳಕಿರುವ ಅರ್ಧ ಭಾಗವನ್ನು ಹೆಂಡತಿ ಕೇಳದೆಯೇ ಹಿಡಿದುಕೊಂಡಿದ್ದಳು. ಪರದೆ ಬಟ್ಟೆಯ ಸುರುಳಿ ಪೂರ್ತಿ ಬಿಚ್ಚಿ ಹಾಸಿ ಕತ್ತರಿಸಲು ಇಂಥ ಉದ್ದನೆಯ ಜಾಗ ಜನ್ಮದಲ್ಲಿ ಸಿಕ್ಕಿರಲಿಲ್ಲ ಎಂದು ಅವಳ ಅಂಬೋಣ. ಉಳಿದರ್ಧದಲ್ಲಿ ಸಾಹೇಬರು ಹಲಗೆ ಹೆರೆದರು. ಹಲಗೆಯನ್ನು ಅಡ್ಡಕ್ಕೆ ತಿರುಗಿಸಬೇಕೆಂದರೆ ಹೊರಗೆ ಒಯ್ದು, ಶೆಡ್ಡು ಸುತ್ತಿ, ಇನ್ನೊಂದು ಬಾಗಿಲಿನಿಂದ ತರಬೇಕಿತ್ತು. ಎರಡು ತಿಂಗಳಲ್ಲಿ ಅವರು ಮಾಡಿದ್ದು ಮೂರು ಕಾಲು ನೆಲಕ್ಕೆ ತಾಗುವ, ನಾಲ್ಕನೆಯದು ಸ್ವಲ್ಪ ಯೋಚಿಸುವ ಒಂದು ಮೇಜು.

ಹೊಸ ಸುತ್ತೋಲೆ ಬಂದ ವಾರವೇ ಸುತ್ತಲಿನ ಉದ್ದುದ್ದ ಜಮೀನುಗಳಲ್ಲಿ ಗೂಟ, ದಾರ ಕಾಣಿಸಿಕೊಂಡವು. ಮೇಸ್ತ್ರಿ ಕೈಗೆ ಸಿಗದಂತಾದ. ಆದರೂ ಒಂದು ಬೆಳಗ್ಗೆ ಅವನೇ ಬಂದು ಬಾಗಿಲಲ್ಲಿ ನಿಂತ.

"ಸಾಹೇಬ್ರೇ, ಇವತ್ತು ನನ್ನ ಜಾಗದಲ್ಲಿ ಕಂಬ ನಿಲ್ಲಿಸ್ತಿದ್ದೀನಿ. ಆಳುಗಳೆಲ್ಲ ಬೇರೆ ಬೇರೆ ಕಡೆ ಇದ್ದಾರೆ. ರಸಮಟ್ಟ ಹಿಡಿಯೋಕೆ ಒಬ್ಬರು ಬೇಕು."

ಸಾಹೇಬರು ಮೈಮೇಲಿನ ಹೆರೆ ಕೊಡವಿಕೊಂಡು ಎದ್ದರು. ಮೇಸ್ತ್ರಿಯ ಜಾಗ ರಸ್ತೆಯ ಪಕ್ಕದಲ್ಲೇ ಇತ್ತು. ತಾಡಪಾಲು ಬಿಚ್ಚಿ ಮಡಚಿಟ್ಟಿತ್ತು. ಅಕ್ಕಪಕ್ಕ ಹತ್ತು ಹತ್ತು ಅಡಿ ಬಿಟ್ಟು, ನಡುವೆ ಹೆಚ್ಚುಕಡಿಮೆ ಹದಿನೈದು ಮೀಟರ್ ಅಗಲಕ್ಕೆ ಗುಂಡಿಗಳು ಬಾಯಿ ತೆರೆದು ಕಾಯುತ್ತಿದ್ದವು. ಮೇಸ್ತ್ರಿಯ ಮಗಳೂ ಹೆಂಡತಿಯೂ ಮೊದಲ ಕಂಬವನ್ನು ಎತ್ತಿ ಹಿಡಿದರು. ಸಾಹೇಬರು ರಸಮಟ್ಟ ಒತ್ತಿ, ಕನ್ನಡಕ ಏರಿಸಿ, ಗುಳ್ಳೆಯ ಮೇಲೆ ಕಣ್ಣು ನೆಟ್ಟರು.

"ಸ್ವಲ್ಪ ಬಲಕ್ಕೆ... ಇನ್ನೂ ಸ್ವಲ್ಪ..."

"ಬೇಗ ಹೇಳಿ ಸಾಹೇಬ್ರೇ," ಎಂದಳು ಮೇಸ್ತ್ರಿಯ ಹೆಂಡತಿ, ಕಂಬದ ಭಾರಕ್ಕೆ ಮುಖ ಕೆಂಪಾಗಿಸಿಕೊಂಡು. "ಹನ್ನೊಂದು ವರ್ಷ ಆಯ್ತು."

"ಸರಿಯಿದೆ," ಎಂದರು ಸಾಹೇಬರು ಗಾಬರಿಯಿಂದ. "ತುಂಬಿ, ಮಣ್ಣು ತುಂಬಿ!"